ಐನೂರು ರೂಪಾಯಿಯ ಲೆಕ್ಕ

ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಕೇಳಿದ: "ಸರ, ಯಶಸ್ವಿನಿಗೆ ಐನೂರು ರೂಪಾಯಿ ಕಟ್ಟಿ, ವರ್ಷಪೂರ್ತಿ ಮನ್ಯಾಗ ಯಾರಿಗೂ ಏನೂ ಆಗಲಿಲ್ಲಂದ್ರ ರೊಕ್ಕ ಹೋದಂಗ ಅಲ್ಲೇನ್ರಿ?" ತರಗತಿಯಲ್ಲಿ ಎಂದೂ ಬಾಯಿ ಬಿಡದಿದ್ದ ಹುಡುಗ! ನಿಮ್ಮಲ್ಲಿ ಅನೇಕರಿಗೂ ಇದೇ ಸಂದೇಹವಿರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಸಹಕಾರ ಸಂಘಗಳ ಸದಸ್ಯರಿಗಾಗಿ ಡಾ. ದೇವಿ ಶೆಟ್ಟಿಯವರು ಕಲ್ಪಿಸಿದ ಈ ಯೋಜನೆ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ 2002ರಲ್ಲಿ ಉದ್ಘಾಟನೆಗೊಂಡು 2003ರ ಜೂನ್‌ನಿಂದ ಜಾರಿಗೆ ಬಂದಿತು. ಆಗ ಒಬ್ಬ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅಷ್ಟು ಅಲ್ಪ ಹಣದಲ್ಲಿ ಶಸ್ತ್ರಚಿಕಿತ್ಸೆ ಹೇಗೆ ಸಾಧ್ಯ? ಕರಿಹಲಗೆಯ ಮೇಲಿನ ಲೆಕ್ಕವೆಂದೇ ತಿಳಿಯಿರಿ. ಸಾವಿರ ಕುಟುಂಬಗಳು ತಲಾ 500 ಕಟ್ಟಿದರೆ 5 ಲಕ್ಷ. ಆ ವರ್ಷ ಹತ್ತು ಮನೆಗಳಲ್ಲಿ ತಲಾ 50,000ದ ಶಸ್ತ್ರಚಿಕಿತ್ಸೆಯಾದರೆ ಲೆಕ್ಕ ಸರಿಹೋಯಿತು. ಆರೋಗ್ಯವಂತರೆಲ್ಲ ದೂರ ಉಳಿದು, ಕಾಯಿಲೆಯ ಭಯವಿರುವ ಇನ್ನೂರು ಕುಟುಂಬಗಳಷ್ಟೇ ಸೇರಿದವೆನ್ನೋಣ. ಆ ಹತ್ತೂ ಮನೆಗಳು ಈ ಇನ್ನೂರರಲ್ಲೇ ಇರುತ್ತವೆ. ವಂತಿಗೆ 2,500ಕ್ಕೆ ಏರಬೇಕಾಗುತ್ತದೆ. ಏರಿದ ಕೂಡಲೇ ಇನ್ನಷ್ಟು ಜನ ಬಿಡುತ್ತಾರೆ. ಆದ್ದರಿಂದ ಹೋಯಿತೆಂದು ಅವನು ಭಾವಿಸಿದ ಹಣ ಹೋಗಿರುವುದಿಲ್ಲ, ಪಕ್ಕದ ಊರಿನ ಯಾರದೋ ಮನೆಯ ಬಿಲ್ಲನ್ನು ತುಂಬಿರುತ್ತದೆ.

ಯೋಜನೆ ಇಲ್ಲದಿದ್ದಾಗ ಏನಾಗುತ್ತದೆಂಬುದನ್ನು ನಮ್ಮ ಮನೆತನವೇ ಕಂಡಿದೆ. 2018ರಲ್ಲಿ ಯಶಸ್ವಿನಿಯನ್ನು 'ಆರೋಗ್ಯ ಕರ್ನಾಟಕ'ದಲ್ಲಿ ವಿಲೀನಗೊಳಿಸಲಾಯಿತು. ಬಿಪಿಎಲ್ ಕುಟುಂಬಗಳಿಗೆ ಅದರಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಉಳಿದವರಿಗೆ ನಿಗದಿತ ದರದ ಶೇ. 30 ಮಾತ್ರ. ಬ್ಯಾಡಗಿ ತಾಲ್ಲೂಕಿನಲ್ಲಿ ಮೆಣಸಿನಕಾಯಿ ಬೆಳೆಯುವ ನನ್ನ ಅಕ್ಕನ ಯಜಮಾನರದು ಎಪಿಎಲ್ ಕಾರ್ಡು. 2021ರಲ್ಲಿ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಸ್ಟೆಂಟ್‌ನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿತ್ತು. ಆದರೆ ಆಸ್ಪತ್ರೆಯ ಬಿಲ್ಲಿನಲ್ಲಿ ಕೊಠಡಿ, ಪರೀಕ್ಷೆ, ವೈದ್ಯರ ಶುಲ್ಕಗಳೂ ಇರುತ್ತವಲ್ಲ! ಅರ್ಧಕ್ಕಿಂತ ಬಹಳ ಹೆಚ್ಚು ಅವರ ಕೈಯಿಂದಲೇ ಹೋಯಿತು. ಜೋಡೆತ್ತುಗಳನ್ನು ಮಾರಿದರು. ಅಕ್ಕ ಅಂದು ಅತ್ತದ್ದು ಗಂಡನ ಕಾಯಿಲೆಗೋ ಎತ್ತುಗಳಿಗೋ, ನಾನು ಕೇಳಲಿಲ್ಲ.

2023ರ ಜನವರಿಯಿಂದ ಯಶಸ್ವಿನಿಯ ಸೌಲಭ್ಯ ಮತ್ತೆ ದೊರೆಯಿತು. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500, ನಗರದವರಿಗೆ 1,000 ರೂಪಾಯಿ ಎಂದು ವಂತಿಗೆ ಗೊತ್ತುಪಡಿಸಿದರು. ಚಿಕಿತ್ಸಾ ಮಿತಿ ವರ್ಷಕ್ಕೆ 5 ಲಕ್ಷ. ನೋಂದಣಿಗೆ ಕಾಲಮಿತಿ ಇರುವುದರಿಂದ ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಮೊದಲೇ ವಿಚಾರಿಸಿ. ನೀವು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ದಿನದಿನದ ಮಾತ್ರೆಗಳು ಇದರಲ್ಲಿ ಬರುವುದಿಲ್ಲ; ನಮ್ಮ ವಯಸ್ಸಿನವರ ಕಿಸೆಯನ್ನು ತಿಂಗಳು ತಿಂಗಳು ಹಗುರ ಮಾಡುವುದು ಅವೇ. ಅಕ್ಕನ ಯಜಮಾನರು ಈಗ ವೈದ್ಯರಿಂದ ಔಷಧದ ಮೂಲ ಹೆಸರನ್ನೇ ಬರೆಸಿಕೊಂಡು, ಹಾವೇರಿಗೆ ಬಂದಾಗ ಜನೌಷಧಿ ಕೇಂದ್ರದಲ್ಲಿ ಕೊಳ್ಳುತ್ತಾರೆ. ಎತ್ತುಗಳನ್ನು ಮತ್ತೆ ಕೊಂಡಿಲ್ಲ. ಬಾಡಿಗೆ ಟ್ರ್ಯಾಕ್ಟರಿನಲ್ಲೇ ಹೊಲ ಉಳಿಸುತ್ತಿದ್ದಾರೆ.