ಮಳೆ ಬಂದಾಗ ಮಾತ್ರ ನಮ್ಮ ಮೈದಾನ

ನಾವು ಆಟ ಕಲಿತದ್ದು ಬತ್ತಿದ ಕೆರೆಯಂಗಳದಲ್ಲಿ. ಕುಣಿಗಲ್ ಕಡೆಯ ಒಂದು ಹಳ್ಳಿ. ಇಸ್ಕೂಲಿನ ಮುಂದೆ ಒಂದು ಬಯಲಿತ್ತು. ಅದು ಊರೊಟ್ಟಿನದು ಅನ್ನುತ್ತಿದ್ದರು. ಊರೊಟ್ಟಿನದು ಅಂದರೆ ಕೇರಿಯದಲ್ಲ ಎಂದು ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ನಮಗೆ ಆರನೇ ವಯಸ್ಸಿಗೇ ಬಂದಿತ್ತು. ಹಾಗಾಗಿ ಶಿವರಾತ್ರಿ ಕಳೆದು ಕೆರೆ ಒಣಗುವುದನ್ನೇ ಕಾಯುತ್ತಿದ್ದೆವು. ಕೆರೆ ಬತ್ತಿದರೆ ಊರಿಗೆ ಚಿಂತೆ, ನಮಗೆ ಹಬ್ಬ. ಮಣ್ಣು ಬಿರುಕು ಬಿಟ್ಟ ಮೇಲೆ ಅದು ಯಾರಪ್ಪನ ಆಸ್ತಿಯೂ ಅಲ್ಲ.

ತೆಂಗಿನ ಮಟ್ಟೆ ಕೆತ್ತಿದರೆ ಬ್ಯಾಟು. ಹಳೇ ಸೈಕಲ್ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿ ಬಟ್ಟೆಯುಂಡೆಗೆ ಬಿಗಿದರೆ ಚೆಂಡು. ತೂಬಿನ ಕಲ್ಲೇ ವಿಕೆಟ್ಟು. ಆ ತೂಬು ನಮ್ಮ ತಾತನದು. ತಾತ ನೀರಗಂಟಿ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಲೆಕ್ಕ ಇಡೋದು ಅವನ ಕೆಲಸ. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಈ ಕೆಲಸ ನಮ್ಮ ಜನರದೇ. ಊರಿಗೆಲ್ಲ ನೀರು ಹಂಚಿದವನು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಬಿ.ಎ. ಓದುವ ತನಕ ಈ ಲೆಕ್ಕ ನಮಗೆ ತಪ್ಪು ಅಂತಲೇ ಅನ್ನಿಸಿರಲಿಲ್ಲ.

ಒಂದೊಂದು ದಿನ ಊರ ಹುಡುಗರಿಗೆ ಆಳು ಸಾಲುತ್ತಿರಲಿಲ್ಲ. ಆಗ ಏರಿ ಮೇಲೆ ನಿಂತು ಕೂಗೋರು: "ಬರ್ರಲಾ, ಬೋಲಿಂಗ್ ಮಾಡಾಕೆ ಜನ ಬೇಕು." ಓಡುತ್ತಿದ್ದೆವು. ಮುಚ್ಚುಮರೆ ಯಾಕೆ, ಖುಷಿಯಿಂದಲೇ ಓಡುತ್ತಿದ್ದೆವು. ಬಿಸಿಲು ಇಳಿಯುವ ತನಕ ಬೋಲಿಂಗು. ಜಾಲಿಮುಳ್ಳಿನೊಳಗೆ ಬಿದ್ದ ಚೆಂಡು ತರುವವರೂ ನಾವೇ. ನೀರು ಕೇಳಿದರೆ ಬೊಗಸೆಗೆ ಮೇಲಿಂದ ಹುಯ್ಯೋರು. ನಮ್ಮ ಬ್ಯಾಟಿಂಗ್ ಬರೋ ಹೊತ್ತಿಗೆ ಕತ್ತಲಾಗುತ್ತಿತ್ತು. ಪ್ರತಿ ಸಲವೂ ಕತ್ತಲಾಗುತ್ತಿತ್ತು. ಸೂರ್ಯನಿಗೂ ನಮ್ಮ ಜಾತಿ ಗೊತ್ತಿತ್ತು ಅಂತ ಈಗ ನಗುತ್ತೇವೆ. ಆವತ್ತು ಯಾರೂ ನಕ್ಕಿರಲಿಲ್ಲ.

ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದೆವು. ನಾಲ್ಕು ಜನ. ನಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು. ಹಾಸ್ಟೆಲ್ಲು ಒಂದು ಬಾಡಿಗೆ ಕಟ್ಟಡ. ಮುಂದೆ ಮೋರಿ, ಹಿಂದೆ ಗೋಡೆ. ಓದೋ ಹುಡುಗರಿಗೆ ಅಂಗಳ ಯಾಕೆ ಅಂತ ಕಟ್ಟಿದವರು ಅಂದುಕೊಂಡಿರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಉಷ್ಣ ವಲಯದಲ್ಲಿದ್ದರೂ ಸಂಜೆ ಐದಕ್ಕೆ ಗಾಳಿ ತಣ್ಣಗಾಗುತ್ತದೆ. ಓಡಬೇಕು, ಬೆವರಬೇಕು ಅನ್ನಿಸುವ ಹವಾ. ಆ ಹವಾ ಪುಕ್ಕಟೆ. ಅದರ ಕೆಳಗಿನ ನೆಲ ಪುಕ್ಕಟೆ ಅಲ್ಲ.

ಮೊದಲ ಭಾನುವಾರ ಒಂದು ಪಾರ್ಕಿಗೆ ಹೋದೆವು. ಗೇಟಿನಲ್ಲೇ ಬೋರ್ಡು, ಚೆಂಡಾಟ ನಿಷೇಧಿಸಲಾಗಿದೆ. ಒಳಗೆ ಬಿಳಿ ಬೂಟಿನವರು ಬಿರುಸಾಗಿ ನಡೆಯುತ್ತಿದ್ದರು. ಅವರು ಬರುವ ಮೊದಲೇ ಎಲೆ ಗುಡಿಸಿ ದಾರಿ ಮಾಡಿದ ಹೆಂಗಸು ಮೂಲೆಯಲ್ಲಿ ಪೊರಕೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಲ್ಲುಬೆಂಚು ಖಾಲಿಯಿತ್ತು. ಅವಳು ನೆಲದ ಮೇಲೆ ಕೂತಿದ್ದಳು. ಆಮೇಲೆ ಹಸಿರು ಪ್ಲಾಸ್ಟಿಕ್ ಹಾಸಿದ, ಬಲೆ ಕಟ್ಟಿದ, ಗಂಟೆ ಲೆಕ್ಕದ ಬಯಲುಗಳನ್ನು ನೋಡಿದೆವು. ಟರ್ಫ್ ಅನ್ನುತ್ತಾರೆ. ಗಂಟೆಗೆ ಸಾವಿರದ ಮೇಲೆ. ನಮ್ಮ ಅವ್ವಂದಿರ ಎರಡು-ಮೂರು ದಿನದ ಕೂಲಿ ಅಲ್ಲಿ ಒಂದು ಗಂಟೆ ಓಡುತ್ತದೆ.

ಕೊನೆಗೆ ನಮಗೆ ಮೈದಾನ ತೋರಿಸಿದವನು ಚಿಕ್ಕಪ್ಪ. ನಮ್ಮಲ್ಲೊಬ್ಬನಿಗೆ ಸ್ವಂತ ಚಿಕ್ಕಪ್ಪ, ಉಳಿದವರಿಗೂ ಕರೆಯುವ ಬಾಯಿಗೆ ಚಿಕ್ಕಪ್ಪನೇ. ತಾತನ ಕಿರಿ ಮಗ. ಕೆರೆ ಬತ್ತಿದ ಒಂದು ವರ್ಷ ಬೆಂಗಳೂರು ಬಸ್ಸು ಹತ್ತಿದವನು, ಒಂದು ಕ್ಲಬ್ಬಿನ ಕ್ರಿಕೆಟ್ ಮೈದಾನದಲ್ಲಿ ಕೆಲಸಕ್ಕೆ ನಿಂತ. ಇಪ್ಪತ್ತು ವರ್ಷ ಆಯ್ತು, ಇನ್ನೂ ಗುತ್ತಿಗೆ. ಬೆಳಗಿನ ಜಾವ ನೀರು ಹಾಕೋದು, ಹುಲ್ಲು ಸವರೋದು, ರೋಲರ್ ಎಳೆಯೋದು, ಸುಣ್ಣದ ಗೆರೆ ಹಾಕೋದು. ಯಾರೂ ಅವನ ಜಾತಿ ಕೇಳಿಲ್ಲ. ಆದರೆ ಅವನ ಚಾ ರೋಲರ್ ಶೆಡ್ಡಿಗೇ ಬರುತ್ತದೆ, ಕಾಗದದ ಲೋಟದಲ್ಲಿ.

ಬೆಂಗಳೂರಿನ ಮಳೆ ಗೊತ್ತಲ್ಲ. ಬೇಸಗೆಯ ಕೊನೆಗೆ, ಮತ್ತೆ ಸೆಪ್ಟೆಂಬರು, ಅಕ್ಟೋಬರಿನಲ್ಲಿ, ಮಧ್ಯಾಹ್ನದವರೆಗೆ ಸುಡು ಬಿಸಿಲು, ನಾಲ್ಕಕ್ಕೆ ದಬದಬ. ಮೋಡ ಕಟ್ಟಿದ ಕೂಡಲೇ ಪಿಚ್ಚಿನ ಮೇಲೆ ಟಾರ್ಪಾಲು ಎಳೆಯಬೇಕು. ಅದಕ್ಕೆ ಹತ್ತಾಳು ಬೇಕು. ದಿನಗೂಲಿಗೆ ಹುಡುಗರನ್ನು ಕರಕೊಂಡು ಬಾ ಎಂದು ಕ್ಲಬ್ಬಿನವರು ಚಿಕ್ಕಪ್ಪನಿಗೆ ಹೇಳಿದರು. ಅವನು ನಮ್ಮನ್ನು ಕರೆದ. ರಜೆಯ ದಿನ ಗೋಡೆ ಪಕ್ಕ ಕೂತು ಪಂದ್ಯ ನೋಡುವುದು, ಮೋಡ ನೋಡುವುದು. ಸೀಟಿ ಊದಿದರೆ ಆಟಗಾರರು ಒಳಗೆ ಓಡುತ್ತಿದ್ದರು, ನಾವು ಹೊರಗೆ ಓಡುತ್ತಿದ್ದೆವು. ಆ ಹುಲ್ಲಿನ ಮೇಲೆ ನಾವು ಓಡಿದ್ದು ಮಳೆ ಬಂದಾಗ ಮಾತ್ರ. ಎಂಥ ಮೆತ್ತನೆ ಹುಲ್ಲು ಅದು. ಬರಿಗಾಲಿಗೆ ಮುಳ್ಳು ಚುಚ್ಚದ ನೆಲದ ಮೇಲೆ ನಾವು ಓಡಿದ್ದು ಬದುಕಿನಲ್ಲಿ ಅದೇ ಮೊದಲು.

ಒಂದು ಸಂಜೆ ಮಳೆ ಜೋರಾಗಿ ಪಂದ್ಯ ನಿಂತುಹೋಯಿತು. ಆಟಗಾರರು ಕಾರು ಹತ್ತಿ ಹೋದರು. ಮಳೆಯೂ ನಿಂತಿತು. ಮೋಡದ ಸಂದಿಯಿಂದ ಕೆಂಪು ಬಿಸಿಲು. ಮೂಲೆಯಲ್ಲೊಂದು ಹಳೇ ಚೆಂಡು ಬಿದ್ದಿತ್ತು. ನಮ್ಮಲ್ಲೊಬ್ಬ ಎತ್ತಿಕೊಂಡ, ಇನ್ನೊಬ್ಬ ಗೂಟ ಹಿಡಿದ. ಪಿಚ್ಚಿನಿಂದ ದೂರ, ಬೌಂಡರಿ ಹಗ್ಗದ ಹತ್ತಿರ ಆಡಿದೆವು. ಹತ್ತು ನಿಮಿಷ ಇರಬಹುದು. ಬಿದ್ದೆವು, ಜಾರಿದೆವು, ಕೂಗಿದೆವು. ಆ ಹತ್ತು ನಿಮಿಷ ನಮಗೆ ನಾವು ಯಾರು ಅನ್ನೋದೇ ಮರೆತಿತ್ತು.

ಒಬ್ಬ ದೊಡ್ಡ ಮನುಷ್ಯರು ವರಾಂಡದಿಂದ ನೋಡಿದರು. ನಮ್ಮನ್ನು ಬೈಯಲಿಲ್ಲ. ಚಿಕ್ಕಪ್ಪನನ್ನು ಕರೆದರು. "ಕೆಲಸಕ್ಕೆ ಅಂತ ಕರಕೊಂಡು ಬಂದು ಆಟಕ್ಕೆ ಬಿಡ್ತೀಯೇನಯ್ಯ?" ಚಿಕ್ಕಪ್ಪ ಕೈ ಮುಗಿದ. "ತಪ್ಪಾಯ್ತು ಸಾರ್, ಹುಡುಗ್ರು." ಅವತ್ತಿನ ನಮ್ಮ ಕೂಲಿ ಹೋಯಿತು, ಅವನದೂ ಅರ್ಧ ಹೋಯಿತು. ಬಸ್ಸಿನಲ್ಲಿ ಅವನು ಮಾತಾಡಲಿಲ್ಲ. ನಾವೂ ಆಡಲಿಲ್ಲ. ಇಳಿಯುವಾಗ ಅಂದ: "ಆಡಬ್ಯಾಡಿ ಅಂತ ನಾನು ಯಾವತ್ತೂ ಹೇಳಾಕಿಲ್ಲ ಕಣ್ರಲಾ. ಆದ್ರೆ ಅಲ್ಲಿ ಆಡಬ್ಯಾಡಿ." ಕೈ ಮುಗಿದು ನಿಂತ ಅವನ ಬೆನ್ನು ನಮ್ಮ ಕಣ್ಣಿನಿಂದ ಇನ್ನೂ ಹೋಗಿಲ್ಲ. ಪದ್ಯ ಬರೆಯುವ ನಾವು ಆ ಬೆನ್ನಿನ ಮೇಲೆ ಒಂದು ಸಾಲೂ ಬರೆಯಲಾಗಲಿಲ್ಲ.

ಆ ವರ್ಷವೇ ಲೈಬ್ರರಿಯಲ್ಲಿ ಪಲ್ವಂಕರ್ ಬಾಲೂ ಅವರ ಹೆಸರು ಸಿಕ್ಕಿತು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರರ ಮಗ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನ ಪಿಚ್ಚು ಗುಡಿಸಿ ರೋಲರ್ ಎಳೆಯೋದಕ್ಕೆ ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಬಿಳಿಯರ ಅಭ್ಯಾಸಕ್ಕೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಬೇಕಿತ್ತು. ಬ್ಯಾಟು ಮಾತ್ರ ಅವರ ಕೈಗೆ ಕೊಡಲಿಲ್ಲ. ನಮ್ಮ ಕೆರೆಯಂಗಳದ ಕತ್ತಲಿಗೆ ನೂರು ವರ್ಷದ ಹಿಂದೆಯೇ ಬೇರು ಇತ್ತು ಅಂತ ಅವತ್ತು ತಿಳಿಯಿತು.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸಬೇಕಿತ್ತು. ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಬಯಲಿನಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಬಾಲೂ ಹೊರಗೆ. ಅವರಿಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು. 1937ರ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತರು. ಆ ರಾಜಕೀಯದ ಜೊತೆ ನಮಗೆ ಜಗಳವಿದೆ. ಆದರೆ ಆ ಎಡಗೈ ನಮ್ಮದೇ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆವು. ವಿಕೆಟ್ಟಿನ ಲೆಕ್ಕ ಅವನಿಗೆ ಬೇಕಿರಲಿಲ್ಲ. ಒಂದೇ ಮಾತು ಕೇಳಿದ: "ಆಮ್ಯಾಕಾದ್ರೂ ಚಾ ಒಳಗ್ ಕೊಟ್ರಾ?"

"ಕೊಟ್ರು ಚಿಕ್ಕಪ್ಪ. ಮುಂಬಯಿಗೆ ಹೋಗಿ ಪಂದ್ಯ ಗೆಲ್ಲಿಸಿಕೊಟ್ಟ ಮೇಲೆ ಒಳಗೇ ಕೂರಿಸಿದರಂತೆ."

ಚಿಕ್ಕಪ್ಪ ಬೀಡಿ ಆರಿಸಿ ಅಂದ: "ಗೆಲ್ಲಿಸ್ಕೊಟ್ ಮ್ಯಾಲೆ. ಅಂಗಾರೆ ಗೆಲ್ದಿರೋರ್ಗೆ?"

ಗೆಳೆಯರೆ, ನಮ್ಮ ಮೂರು ವರ್ಷದ ಬಿ.ಎ. ಈ ಪ್ರಶ್ನೆಯ ಮುಂದೆ ಸಪ್ಪಗಾಯಿತು. ನಮ್ಮವರಲ್ಲಿ ಒಬ್ಬ ಗೆದ್ದು ಬಂದರೆ ಹಾರ ಹಾಕುತ್ತಾರೆ, ಫೋಟೋ ಹಾಕುತ್ತಾರೆ. ಗೆಲ್ಲದ ಸಾವಿರ ಜನಕ್ಕೆ ಆಡುವ ನೆಲವೇ ಇಲ್ಲ. ಮೇಲ್ಜಾತಿಯ ಹುಡುಗ ಸುಮ್ಮನೆ ಆಡುತ್ತಾನೆ, ಸುಮ್ಮನೆ ಸೋಲುತ್ತಾನೆ, ಮನೆಗೆ ಹೋಗಿ ಉಣ್ಣುತ್ತಾನೆ. ನಾವು ಆಡಬೇಕಾದರೆ ಚಾಂಪಿಯನ್ ಆಗಿಯೇ ಹುಟ್ಟಬೇಕೇ? ಸೋಲೋದಕ್ಕೂ ಒಂದು ಮೈದಾನ ಬೇಡವೇ?

ಇನ್ನೊಂದು ಸಂಗತಿಯನ್ನು ನಮಗೆ ಕಲಿಸಿದ್ದೂ ಚಿಕ್ಕಪ್ಪನೇ. ಬಸ್ಸಿನಲ್ಲಿ ಕಂಠೀರವ ಕ್ರೀಡಾಂಗಣ ದಾಟುವಾಗ ಅವನು ಕಿಟಕಿಯಿಂದ ಬಗ್ಗಿ ನೆಲದ ಇಳಿಜಾರು ನೋಡಿ ಅಂದಿದ್ದ: "ಇದು ಕೆರೆ ಕಣ್ರಲಾ. ನೀರು ಬರೋ ದಿಕ್ಕು ನೋಡಿ." ನೀರಗಂಟಿಯ ಮಗನ ಕಣ್ಣು ಅದು. ಆಮೇಲೆ ಓದಿ ನೋಡಿದರೆ ಅವನ ಮಾತು ನಿಜ. ಕಂಠೀರವ ಇರುವುದು ಸಂಪಂಗಿ ಕೆರೆಯಲ್ಲಿ. ಕರಗದ ಪೂಜೆಗೆ ಅಂತ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯಲ್ಲಿ. ಗಾಲ್ಫ್ ಮೈದಾನವೊಂದು ಚಲ್ಲಘಟ್ಟ ಕೆರೆಯಲ್ಲಿ. ನಾವು ಬತ್ತಿದ ಕೆರೆಯಲ್ಲಿ ಆಡಿದವರು, ಈ ನಗರವೂ ಕೆರೆಯಲ್ಲೇ ಆಡುತ್ತಿದೆ. ನಮ್ಮ ಕೆರೆ ಮಳೆಗಾಲಕ್ಕೆ ಮತ್ತೆ ತುಂಬುತ್ತಿತ್ತು. ಇವರ ಕೆರೆಯ ಸುತ್ತ ಗೋಡೆ ಎದ್ದಿತು, ಟಿಕೆಟ್ಟು ಬಂತು. ಕೆರೆಯ ಹೂಳೆತ್ತಿದವರ ಮೊಮ್ಮಕ್ಕಳು ಈಗ ಮೈದಾನದ ಕಸ ಎತ್ತುತ್ತಿದ್ದಾರೆ.

2017ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿನಡಿ ಮಳೆನೀರು ಹೀರುವ ಯಂತ್ರ ಕೂರಿಸಿದರು. ಒಳ್ಳೆಯದೇ, ನೀರು ಎತ್ತುವ ಬೆನ್ನಿಗೆ ಒಂದಿಷ್ಟು ಬಿಡುವು. ಆದರೆ ಅದೇ ದೇಶದಲ್ಲಿ 1993ರ ಕಾನೂನು, 2013ರ ಕಾನೂನು ಎರಡನ್ನೂ ದಾಟಿ ಮ್ಯಾನ್‌ಹೋಲಿಗೆ ಇನ್ನೂ ಮನುಷ್ಯ ಇಳಿಯುತ್ತಿದ್ದಾನೆ, ಸಾಯುತ್ತಿದ್ದಾನೆ. ಆಟದ ನೀರಿಗೆ ಯಂತ್ರ, ಹೇಲಿನ ನೀರಿಗೆ ನಾವು.

ಹಾಗಂತ ನಮ್ಮವರು ಆಡದೆ ಕೂತಿಲ್ಲ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಕೂಲಿಕಾರರ ಕೇರಿ. ಅಲ್ಲಿ ಫುಟ್‌ಬಾಲಿನ ಪೆಲೆಗೆ ಪ್ರತಿಮೆ ನಿಲ್ಲಿಸಿದ್ದಾರೆ. ಇಕ್ಕಟ್ಟಿನ ಓಣಿಯಲ್ಲೇ ಚೆಂಡು ಒದ್ದು ದೊಡ್ಡ ತಂಡಗಳಿಗೆ ಹೋದ ಹುಡುಗರಿದ್ದಾರೆ. ಓಣಿಯಲ್ಲಿ ಆಡಿದವನಿಗೆ ಇಕ್ಕಟ್ಟಿನಲ್ಲಿ ತಪ್ಪಿಸಿಕೊಳ್ಳುವ ವಿದ್ಯೆ ತಾನಾಗಿ ಬರುತ್ತದೆ. ಇದನ್ನು ನೋಡಿ ಹೆಮ್ಮೆಪಟ್ಟೆವು. ಆಮೇಲೆ ಚಿಕ್ಕಪ್ಪನ ಪ್ರಶ್ನೆ ಮತ್ತೆ ಚುಚ್ಚಿತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆರೆಯಂಗಳದಲ್ಲಿ ನಾವು ಆಡುವಾಗ ನಮ್ಮ ಅಕ್ಕತಂಗಿಯರು ಏರಿ ಮೇಲೆ ಸೌದೆ ಹೊತ್ತು ಹೋಗುತ್ತಿದ್ದರು. ಏಳನೇ ಕ್ಲಾಸಿನ ತನಕ ಖೋ ಖೋದಲ್ಲಿ ನಮ್ಮೆಲ್ಲರನ್ನೂ ಮುಟ್ಟಿ ಔಟ್ ಮಾಡುತ್ತಿದ್ದವಳು ದೊಡ್ಡವಳಾದ ಮೇಲೆ ಅಂಗಳ ದಾಟಲಿಲ್ಲ. ನಮ್ಮ ಬ್ಯಾಟಿಂಗ್ ಕಿತ್ತುಕೊಂಡವರ ಮೇಲೆ ಹಲ್ಲು ಕಡಿದ ನಾವು ಅವಳ ಆಟ ನಿಂತಾಗ ಬಾಯಿ ಬಿಡಲಿಲ್ಲ.

ಈ ನಾಡಿನಲ್ಲಿ ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡುವುದಕ್ಕೇ 1985ರ ಕಾಯಿದೆಯೊಂದಿದೆ. ಕಾರ್ಯಕರ್ತ ಗೆಳೆಯರು ಅದನ್ನು ಓದಲಿ. ರೇಷನ್ ಕಾರ್ಡು, ನಲ್ಲಿ, ಸ್ಮಶಾನ ಕೇಳುವ ಅರ್ಜಿಯಲ್ಲೇ ಕೇರಿಗೊಂದು ಬಯಲು, ಹಾಸ್ಟೆಲ್ಲಿಗೊಂದು ಅಂಗಳ ಅಂತ ಇನ್ನೊಂದು ಸಾಲು ಬರೆಯಲಿ. ಹೊಟ್ಟೆಗೆ ಹಿಟ್ಟಿಲ್ಲದಾಗ ಆಟವೇಕೆ ಅಂತ ನಮ್ಮವರೇ ಕೇಳುತ್ತಾರೆ. ಹಿಟ್ಟೂ ಬೇಕು, ಆಟವೂ ಬೇಕು. ದುಡಿಯೋದಕ್ಕೆ ಮಾತ್ರ ಈ ಮೈ ಅಂತ ಸಾವಿರಾರು ವರ್ಷದಿಂದ ಹೇಳಿದವರ ಮಾತನ್ನು ನಾವೇ ಯಾಕೆ ಒಪ್ಪಬೇಕು?

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಸಣ್ಣ ಅರಿಕೆ. ನಾಳೆ ಆಟದ ಪೀರಿಯಡ್ಡಿನಲ್ಲಿ ನಿಂತು ನೋಡಿ. ಯಾವ ಹುಡುಗ ಬರೀ ಬೋಲಿಂಗ್ ಮಾಡುತ್ತಿದ್ದಾನೆ, ಯಾರು ಬರೀ ಚೆಂಡು ಹೆಕ್ಕುತ್ತಿದ್ದಾರೆ, ಯಾವ ಹುಡುಗಿ ಗೋಡೆಗೆ ಒರಗಿ ನಿಂತಿದ್ದಾಳೆ. ಕತ್ತಲಾಗುವ ಮೊದಲು ಅವರ ಕೈಗೆ ಬ್ಯಾಟು ಕೊಡಿ. ಇದಕ್ಕೆ ಯಾವ ಸರ್ಕಾರಿ ಸುತ್ತೋಲೆಯೂ ಬೇಕಿಲ್ಲ.

ಹೋದ ತಿಂಗಳು ಒಂದು ಭಾನುವಾರ ಚಿಕ್ಕಪ್ಪನ ಕೇರಿಯ ರಸ್ತೆಯಲ್ಲಿ ಆಡುತ್ತಿದ್ದೆವು. ಕಲ್ಲುಗಳೇ ವಿಕೆಟ್ಟು. ಆಟೋ ಬಂದರೆ ಆಟ ನಿಲ್ಲಿಸಬೇಕು. ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದ. ಇಪ್ಪತ್ತು ವರ್ಷ ಪಿಚ್ಚು ಹದ ಮಾಡಿದವನು. ಯಾವ ನೆಲದಲ್ಲಿ ಚೆಂಡು ಹೇಗೆ ಏಳುತ್ತದೆ ಅಂತ ಕಾಲಿನಲ್ಲೇ ಹೇಳುವವನು. ಅವನು ಬ್ಯಾಟು ಹಿಡಿದದ್ದನ್ನು ನಾವು ಯಾರೂ ನೋಡಿರಲಿಲ್ಲ. "ಬಾ ಚಿಕ್ಕಪ್ಪ" ಅಂದೆವು. ನಾಚಿಕೊಂಡ. ಪಂಚೆ ಎತ್ತಿ ಕಟ್ಟಿ ಬಂದ. ಬ್ಯಾಟನ್ನು ಸಲಿಕೆ ಹಿಡಿಯುವಂತೆ ಹಿಡಿದ.

ಮೊದಲ ಚೆಂಡಿಗೇ ಕಲ್ಲು ಬಿತ್ತು.

"ನೋ ಬಾಲ್, ನೋ ಬಾಲ್" ಎಂದು ನಾವೆಲ್ಲ ಕೂಗಿದೆವು. ಚಿಕ್ಕಪ್ಪ ಬ್ಯಾಟು ಕೆಳಗಿಟ್ಟ. ಅವನ ಮುಖದಲ್ಲಿ ನಾವು ಯಾವತ್ತೂ ಕಾಣದ ನಗು ಇತ್ತು.

"ಔಟಾದ್ರೆ ಔಟೇ ಕಣ್ರಲಾ, ಸುಳ್ಳು ಬ್ಯಾಡ" ಅಂದ. "ನಾಳೀಕ್ ಇನ್ನೊಂದ್ ಸಲ ಆಡ್ತೀನಿ."