ಡವ್ ನದಿಯ ದಂಡೆಯಲ್ಲಿ ಬೀಗವಿಲ್ಲದ ಡಬ್ಬಿ

ಇಂಗ್ಲೆಂಡಿನ ಡವ್ ನದಿಯನ್ನು ನಮ್ಮ ತುಂಗೆಯ ಪಕ್ಕದಲ್ಲಿಟ್ಟರೆ ಹಳ್ಳ ಎನ್ನಬೇಕು. ಟ್ರೆಂಟ್ ನದಿಯನ್ನು ಸೇರುವವರೆಗೆ ಅದರ ಉದ್ದ ಸುಮಾರು 72 ಕಿಲೋಮೀಟರ್, ಅಷ್ಟೇ. ಆದರೆ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಅದು ಕೊರೆದುಕೊಂಡಿರುವ ಡವ್‌ಡೇಲ್ ಕಣಿವೆಯನ್ನು ನೋಡಲು ಜನ ದೂರದಿಂದ ಬರುತ್ತಾರೆ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟ್ ಒಳಗೆ ಈ ಕಣಿವೆ ಇದೆ.

ಡರ್ಬಿಯ ಮಗಳ ಮನೆಯಲ್ಲಿ ನನ್ನ ವಾಸ ಮುಗಿಯಲು ಒಂದೇ ವಾರ ಉಳಿದಿತ್ತು. ಒಂಬತ್ತು ವರ್ಷದ ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ. ಅಕ್ಷರ ಕಲಿಸಲು ಕೂತರೆ ಮಾತ್ರ ಅವನಿಗೆ ಒಮ್ಮೆ ಬಾಯಾರಿಕೆ, ಒಮ್ಮೆ ಹೊಟ್ಟೆನೋವು. ಆ ಶನಿವಾರ ಅವನೇ ನನ್ನನ್ನು ‘ಜಿಯೊಕ್ಯಾಷಿಂಗ್’ಗೆ ಕರೆದ.

ಮಕ್ಕಳೇ, ಇದು ನಿಧಿ ಹುಡುಕುವ ಆಟ. ಯಾರೋ ಒಂದು ಡಬ್ಬಿಯನ್ನು ಬಯಲಲ್ಲೆಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ತಿಳಿಸುತ್ತಾರೆ. ನಾವು ಜಿಪಿಎಸ್ ಹಿಡಿದು ಹುಡುಕಬೇಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಏನಾದರೂ ತೆಗೆದುಕೊಂಡರೆ ಸಮನಾದದ್ದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರಕಾರ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗನ್ ರಾಜ್ಯದಲ್ಲಿ ಮೊದಲ ಬಕೆಟ್ ಬಚ್ಚಿಟ್ಟರು. ಅದರಲ್ಲಿ ಒಂದು ಡಬ್ಬ ಬೀನ್ಸ್ ಕೂಡ ಇತ್ತು! ಈಗ ತಿನಿಸು ಇಡುವಂತಿಲ್ಲ, ಪ್ರಾಣಿಗಳು ವಾಸನೆ ಹಿಡಿದು ಬರುತ್ತವೆ.

ನಾನು ಬ್ಯಾಂಕಿನವನು. ನಮ್ಮ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಬೀಗವೂ ಕಾವಲೂ ಇಲ್ಲದ ಡಬ್ಬಿ ವರ್ಷಗಟ್ಟಲೆ ಉಳಿಯುತ್ತದೆ ಎಂದರೆ ನಂಬುವುದು ಕಷ್ಟ.

ಥೋರ್ಪ್ ಕ್ಲೌಡ್ ಗುಡ್ಡದ ಬುಡದಲ್ಲಿ ನದಿ ದಾಟಲು ಸಾಲಾಗಿ ಕಲ್ಲುಗಳಿವೆ. ಈಚೆ ದಡ ಸ್ಟಾಫರ್ಡ್‌ಶೈರ್, ಆಚೆ ದಡ ಡರ್ಬಿಶೈರ್. ಮೊಮ್ಮಗ ನನ್ನ ಕೈ ಹಿಡಿದು ದಾಟಿಸಿದ. ಇಲ್ಲಿನ ಬಂಡೆಗಳಲ್ಲಿ ಕಡಲ ಜೀವಿಗಳ ಪಳೆಯುಳಿಕೆ ಕಾಣುತ್ತವೆ. 30 ಕೋಟಿ ವರ್ಷಗಳಿಗೂ ಹಿಂದೆ ಇದೆಲ್ಲ ಬೆಚ್ಚನೆಯ ಕಡಲ ತಳ. ಮುಂದೆ, ಬಿದ್ದ ಮರದ ದಿಮ್ಮಿಗೆ ಜನ ಸಾಲುಸಾಲಾಗಿ ನಾಣ್ಯ ಬಡಿದಿದ್ದರು. ಅದೃಷ್ಟಕ್ಕಂತೆ. ಬಡ್ಡಿಯಿಲ್ಲದ ಠೇವಣಿ!

ಕಣಿವೆ ಇಕ್ಕಟ್ಟಾದಂತೆ ಮೊಬೈಲಿನ ಬಾಣ ಗೊಂದಲಗೊಂಡಿತು. ಜಿಪಿಎಸ್ ನಿಖರವಾಗಿರಲು ಕಡಿಮೆಯೆಂದರೆ ನಾಲ್ಕು ಉಪಗ್ರಹ ಕಾಣಬೇಕು; ಬಂಡೆ, ಮರ ಅಡ್ಡವಾದರೆ ಲೆಕ್ಕ ತಪ್ಪುತ್ತದೆ. ಅರ್ಧ ಗಂಟೆ ಹುಡುಕಿದೆವು. ಮಣ್ಣು ಅಗೆಯುವುದು, ಕಲ್ಲುಗೋಡೆ ಬಿಚ್ಚುವುದು ಆಟದಲ್ಲಿ ನಿಷಿದ್ಧ. ಮೊಮ್ಮಗನ ಕಣ್ಣು ತುಂಬಿ ಬರುತ್ತಿತ್ತು. ಅಷ್ಟರಲ್ಲಿ ಒಂದು ಕಡೆ ಕಡ್ಡಿಗಳು ತೀರಾ ಒಪ್ಪವಾಗಿ ಜೋಡಿಸಿದಂತೆ ನನಗೆ ಕಂಡವು. ಲೆಡ್ಜರಿನಲ್ಲೂ ಹಾಗೇ, ಅತಿ ಒಪ್ಪವಾದ ಪುಟವನ್ನು ಎರಡನೇ ಸಲ ನೋಡಬೇಕು. ಕಡ್ಡಿ ಸರಿಸಿದರೆ ಡಬ್ಬಿ! ಎಲ್ಲಿ ಎಂದು ಹೇಳಲಾರೆ, ಹುಡುಕುವವರ ಖುಷಿ ಕೆಡುತ್ತದೆ.

ಒಳಗೆ ಗೋಲಿ, ಗುಂಡಿ, ಪುಟ್ಟ ಡೈನೋಸಾರ್, ಒದ್ದೆ ತಾಗದಂತೆ ಚೀಲದಲ್ಲಿಟ್ಟ ಪುಸ್ತಕ. ಮೊಮ್ಮಗ ಡೈನೋಸಾರ್ ತೆಗೆದುಕೊಂಡು, ನನ್ನ ಜೇಬಿನ ಖಡ್ಗಮೃಗದ ಚಿತ್ರವಿರುವ 25 ಪೈಸೆ ಇಟ್ಟ. 2011ರಲ್ಲಿ ಚಲಾವಣೆ ನಿಂತ ನಾಣ್ಯಕ್ಕೆ ಅಲ್ಲಿ ಬೆಲೆ ಬಂತು.

ಪುಸ್ತಕದ ತುಂಬ ಇಂಗ್ಲಿಷ್ ಹೆಸರುಗಳು. ಪೆನ್ಸಿಲ್ ಹಿಡಿದವನು ನಿಂತ. ಯಾರಿಗೂ ಓದಲಾಗದ ಗುಪ್ತ ಲಿಪಿಯಲ್ಲಿ ಬರೆಯಬೇಕಂತೆ. ನನ್ನ ಲಿಪಿ ಆದೀತೇ ಎಂದು ಕೇಳಿದ. ಅವನದು ಮೂರಕ್ಷರದ ಹೆಸರು, ಕೊನೆಯದಕ್ಕೆ ಒತ್ತು ಬೇರೆ. ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆ. ನಾಲಿಗೆ ಕಚ್ಚಿಕೊಂಡು ಬರೆದ. ನಡುವೆ ಯಾರೋ ನಾಯಿ ಹಿಡಿದು ಬಂದಾಗ ಡಬ್ಬಿ ಬೆನ್ನ ಹಿಂದೆ ಹೋಯಿತು. ಒತ್ತು ಸ್ವಲ್ಪ ಜಾರಿದೆ, ಆದರೂ ಓದಬಹುದು.

ಮಿಲ್‌ಡೇಲ್ ಹಳ್ಳಿಯ ಇಕ್ಕಟ್ಟಾದ ಹಳೆಯ ಕಲ್ಲುಸೇತುವೆಯ ಮೇಲೆ ಐಸ್‌ಕ್ರೀಮ್ ತಿನ್ನುತ್ತಾ, ‘ಐಸ್‌ಕ್ರೀಮ್’ ಹೇಗೆ ಬರೆಯುವುದು ಎಂದ. ವರ್ಣಮಾಲೆಯಲ್ಲಿ ‘ಐ’ ಬರುವುದು ಎಷ್ಟೋ ಅಕ್ಷರಗಳ ನಂತರ. ಇರಲಿ ಎಂದು ಅಲ್ಲಿಂದಲೇ ಶುರು ಮಾಡಿದೆ.