ನಡುಕ ತಗ್ಗಿದ ಬುಲೆಟ್

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಮೋಟಾರು ಸೈಕಲ್ಲಿನ ಮಾತೇಕೆ ಎಂದು ಹಳೆಯ ಸಹಪಾಠಿಗಳು ಕೇಳಬಹುದು. ನಮ್ಮ ತಂದೆಯವರ 350 ಸಿ.ಸಿ. ಬುಲೆಟ್ ಗುಜರಿಯ ಪಾಲಾಗದೆ ಉಳಿದುದರಲ್ಲಿ ಈ ಶಾಲೆಯ ಪಾಲೂ ಇದೆ.

ಅದು ಒಂದೇ ಸಿಲಿಂಡರಿನ ಗಾಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 50 ಬಾರಿ 90 ಮಿ.ಮೀ. ಮೇಲೇರಿ ಕೆಳಗಿಳಿಯುತ್ತದೆ, ಇಂಧನ ಉರಿದು ಬಲ ದೊರೆಯುವುದು 25 ಬಾರಿ ಮಾತ್ರ. ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ತಾಳವಾಡಿ ಸೇರುವಷ್ಟರಲ್ಲಿ ತಂದೆಯವರ ಅಂಗೈ ಮರಗಟ್ಟುತ್ತಿತ್ತು. ಮಾರಿಬಿಡಿ ಎಂದವರೇ ಹೆಚ್ಚು.

ಸತ್ಯಮಂಗಲದ ಮೆಕ್ಯಾನಿಕ್ ಒಬ್ಬರು ತಮಿಳಿನಲ್ಲಿ ಕಾರಣ ವಿವರಿಸಿದರು. ಪಿಸ್ಟನ್ ತಟ್ಟನೆ ದಿಕ್ಕು ಬದಲಿಸುವುದರಿಂದ ನಡುಕ ಹುಟ್ಟುತ್ತದೆ. ಕ್ರ್ಯಾಂಕಿನ ಎದುರುಭಾರದಿಂದ ಅದನ್ನು ಪೂರ್ತಿ ಸರಿದೂಗಿಸಹೊರಟರೆ ಮೇಲುಕೆಳಗಿನ ನಡುಕವು ಹಿಂದುಮುಂದಿನ ನಡುಕವಾಗಿ ಹೊರಳುತ್ತದೆ. ಆದುದರಿಂದ ಒಂದು ಪಾಲನ್ನಷ್ಟೇ ಸರಿದೂಗಿಸಬೇಕು. ನಮ್ಮ ಗುರುಗಳು ಕರಿಹಲಗೆಯ ಮೇಲೆ ಬರೆದ 'ಜಡತ್ವ'ದ ಪಾಠವೇ ಅದು!

ಹಗುರವಾದ ಪಿಸ್ಟನ್ ಹಾಕಿಸಿ, ಎದುರುಭಾರವನ್ನು ಅದಕ್ಕೆ ಹೊಂದಿಸಿದೆವು. ಸವೆದ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸಿದ ಮೇಲೆ ಕಿಡಿ ಸಕಾಲಕ್ಕೆ ಬೀಳತೊಡಗಿತು; ಎಳೆತ ಹದವಾಯಿತು. ವೇಗ ಹೆಚ್ಚಿಸುವ ದೊಡ್ಡ ಸ್ಪ್ರಾಕೆಟ್ ಬೇಡವೆಂದೆ. ಘಟ್ಟಕ್ಕೆ ಬೇಕಾದುದು ವೇಗವಲ್ಲ, ಎಳೆತ.

ನಡುಕ ಪೂರ್ತಿ ಹೋಗಲಿಲ್ಲ. ಒಂಟಿ ಸಿಲಿಂಡರಿನಲ್ಲಿ ಅದು ಹೋಗುವಂಥದೂ ಅಲ್ಲ. ಆದರೂ ಎಪ್ಪತ್ತರ ವಯಸ್ಸಿನಲ್ಲಿ ತಂದೆಯವರು ತಾವೇ ಘಟ್ಟ ಹತ್ತಿ ಬಂದರು. ತಮಿಳಿನಲ್ಲಿ ಕೇಳಿದ ಯಂತ್ರದ ಮರ್ಮವನ್ನು ಕನ್ನಡದಲ್ಲಿ ಅರಿಯುವಂತೆ ಮಾಡಿದ ಗುರುಗಳಿಗೆ ನನ್ನ ನಮನಗಳು.